ಲಿನ್‌ಹಾಯ್‌ನಲ್ಲಿ ನೋಡಬೇಕಾದ ಹತ್ತು ಜಾಗಗಳು

ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಬೆರ್ರಿಯೆಸಾದಲ್ಲಿ ನಮ್ಮ ಹಿತ್ತಿಲಿಗೂ ಪಕ್ಕದ ಲಿನ್ ಆಂಟಿಯ ಹಿತ್ತಿಲಿಗೂ ನಡುವೆ ಒಂದು ಮರದ ಬೇಲಿಯಿದೆ. ಬೇಲಿಯ ಆಚೆ ಅವರು ನೆಟ್ಟ ಒಂದು ಗಿಡ. ವರ್ಷವಿಡೀ ಅದರ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಅಕ್ಟೋಬರ್ ಬಂದರೆ ಮಾತ್ರ ಎಲೆಗಳ ಸಂದಿಯಲ್ಲಿ ಜೋಳದ ಕಾಳಿನಷ್ಟು ಸಣ್ಣ ಹಳದಿ ಹೂ ಬಿಡುತ್ತದೆ. ಹೂ ಕಣ್ಣಿಗೆ ಬೀಳುವ ಮೊದಲೇ ವಾಸನೆ ಬರುತ್ತದೆ, ಮಾಗಿದ ಹಣ್ಣನ್ನು ಜೇನಿನಲ್ಲಿ ಅದ್ದಿದ ಹಾಗೆ. ದಕ್ಷಿಣ ಚೀನಾದ ಊರುಗಳಲ್ಲಿ ಈ ಗಿಡ ಬೀದಿಬೀದಿಯಲ್ಲೂ ಇರುತ್ತದಂತೆ.

ಮೊನ್ನೆ ಮಗಳ ಬಟ್ಟೆ ಒಣಹಾಕಲು ಹೋದಾಗ ಆ ವಾಸನೆ ಬಂತು. ಒದ್ದೆ ಬಟ್ಟೆಯ ಬುಟ್ಟಿಯನ್ನು ಅಲ್ಲೇ ಬಿಟ್ಟು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಎರಡು ವರ್ಷದ ಹಿಂದೆ ಇದೇ ವಾಸನೆಯ ನಡುವೆ ಕೂತು, ನಾನೆಂದೂ ಕಾಲಿಡದ ಒಂದು ಊರಿನಲ್ಲಿ ನನ್ನ ಅವ್ವನನ್ನು ಹುಡುಕಿದ್ದೆ. ಆಗ ನಾನು ಮಾಡಿದ್ದನ್ನು ಇಲ್ಲಿಯವರೆಗೆ ಒಬ್ಬೊಬ್ಬರಿಗೆ ಒಂದೊಂದು ತುಂಡು ಹೇಳಿದ್ದೇನೆ. ಪೂರ್ತಿಯಾಗಿ ಬರೆಯುತ್ತಿರುವುದು ಇದೇ ಮೊದಲು.

ಆಗ ನಾನು ಎಂಟು ತಿಂಗಳ ಬಸುರಿ. ನನ್ನ ಗಂಡ ಪ್ರಶಾಂತ್ ಮೈಸೂರಿನವನು, ಪ್ಲೆಸೆಂಟನ್‌ನಲ್ಲಿ ಅವನ ಆಫೀಸು. ನಾನು ಹುಬ್ಬಳ್ಳಿಯವಳು, ಒಬ್ಬಳೇ ಮಗಳು. ಅಪ್ಪ ಹೋಗಿ ಬಹಳ ವರ್ಷವಾಗಿತ್ತು. ಅವ್ವ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದಳು. ಹುಬ್ಬಳ್ಳಿಯ ಆ ಭಾಗದಲ್ಲಿ ಶಾಂತಾ ಟೀಚರ್ ಎಂದರೆ ಆಟೋದವರೂ ಮನೆ ತೋರಿಸುತ್ತಿದ್ದರು. ಪುಸ್ತಕ ನೋಡದೆ ಬೋರ್ಡಿನ ಮೇಲೆ ಯಾವ ದೇಶದ ನಕಾಶೆಯನ್ನಾದರೂ ಬರೆಯುತ್ತಿದ್ದಳು. ಚೀನಾ ಬರೆಯುವಾಗ, "ನೋಡ್ರಿ, ಕುಂತ ಕೋಳಿ. ಇದು ಕೊಕ್ಕು, ಇದು ಹೊಟ್ಟಿ" ಎಂದು ಮಕ್ಕಳನ್ನು ನಗಿಸುತ್ತಿದ್ದಳು. ಅಷ್ಟೆಲ್ಲ ದೇಶ ಬರೆದವಳು ಹೊರದೇಶವೆಂದು ಸ್ವತಃ ನೋಡಿದ್ದು ಇಲ್ಲಿನ ನಮ್ಮ ಮನೆಯನ್ನು ಮಾತ್ರ, ಅದೂ ಒಂದು ಸಲ.

ಅವ್ವ ಮರೆಯುತ್ತಿದ್ದಾಳೆ ಎಂದು ನನಗೆ ಆ ಬೇಸಿಗೆಯಲ್ಲೇ ಗೊತ್ತಾಗಿತ್ತು. ವಿಡಿಯೋ ಕಾಲಿನಲ್ಲಿ, "ಡಾಕ್ಟರ್ ಯಾವ ತಾರೀಖು ಕೊಟ್ಟಾರ?" ಎಂದು ಕೇಳುತ್ತಿದ್ದಳು. ಹೇಳುತ್ತಿದ್ದೆ. ಸ್ವಲ್ಪ ಹೊತ್ತು ಬೇರೆ ಮಾತಾಡಿ ಮತ್ತೆ ಅದನ್ನೇ ಕೇಳುತ್ತಿದ್ದಳು, ಅದೇ ಸಡಗರದಲ್ಲಿ. ಆಗಸ್ಟ್‌ನಲ್ಲಿ ಒಂದು ಮಧ್ಯಾಹ್ನ, ರಿಟೈರ್ ಆಗಿ ಹತ್ತು ವರ್ಷ ಕಳೆದವಳು, "ಸಾಲಿಗೆ ಹೊತ್ತಾತು" ಎಂದು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಳು. ತರಕಾರಿಯವಳು ಕೈ ಹಿಡಿದು ಮನೆಗೆ ತಂದು ಬಿಟ್ಟಳಂತೆ. ಇದನ್ನು ಅವ್ವನೇ ನನಗೆ ನಗುತ್ತ ಹೇಳಿದಳು. ಕೊನೆಗೆ ನಗು ನಿಲ್ಲಿಸಿ, "ಯಾರ ಮುಂದೂ ಹೇಳಬ್ಯಾಡ ವಿದ್ಯಾ" ಎಂದಳು. ನಾನು ಪ್ರಶಾಂತನಿಗೂ ಹೇಳಲಿಲ್ಲ.

ಹೆರಿಗೆಗೆ ಅವ್ವ ಬರಲೇಬೇಕಿತ್ತು. ಆದರೆ ಅವಳನ್ನು ಒಬ್ಬಳೇ ವಿಮಾನ ಹತ್ತಿಸುವ ಧೈರ್ಯ ನನಗಿರಲಿಲ್ಲ. ಆಗಲೇ ಗಿರಿಜಾ ಮೌಶಿಯ ಫೋನು ಬಂತು. ಮೌಶಿ, ಅಂದರೆ ಚಿಕ್ಕಮ್ಮ, ಎಂದು ಕರೆದರೂ ರಕ್ತಸಂಬಂಧವಿಲ್ಲ. ಅವ್ವನ ಶಾಲೆಯಲ್ಲೇ ಹೊಲಿಗೆ ಕಲಿಸಿದವರು, ನಾನು ಹುಟ್ಟುವ ಮೊದಲಿನಿಂದಲೂ ಅವ್ವನ ಗೆಳತಿ. ನಿವೃತ್ತರ ಒಂದು ಗುಂಪು ಬೆಂಗಳೂರಿನಿಂದ ಚೀನಾಕ್ಕೆ ಹೊರಟಿದೆ, ತಾನೂ ಹೊರಟಿದ್ದೇನೆ ಎಂದರು. ಶಾಂಘೈ, ಹಾಂಗ್‌ಝೌ, ಆಮೇಲೆ ಲಿನ್‌ಹಾಯ್ ಎಂಬ ಸಣ್ಣ ಊರು. ಬೀಜಿಂಗ್‌ನ ಮಹಾಗೋಡೆಯ ಬದಲು ಅಲ್ಲಿನ ಹಳೆಯ ಕೋಟೆಗೋಡೆ ತೋರಿಸುತ್ತಾರಂತೆ. "ಶಾಂತಾನ್ನ ನನ್ನ ಜೋಡಿ ಕಳಸು. ಕಡೀಗೆ ಶಾಂಘೈದಾಗ ನಿಮ್ಮ ಊರಿನ ವಿಮಾನ ಹತ್ತಸ್ತೀವಿ. ಸೀದಾ ನಿನ್ನ ಕಡೆ ಇಳೀತಾಳ."

ಅವ್ವನಿಗೆ ಹಿಗ್ಗೋ ಹಿಗ್ಗು. "ದೊಡ್ಡ ಗ್ವಾಡಿ ಎಲ್ಲಾರೂ ನೋಡ್ತಾರ. ನಾವು ಸಣ್ಣದು ನೋಡೋಣು" ಎಂದಳು. ನನಗೂ ದಾರಿ ಕಂಡಂತಾಯಿತು. ಅರ್ಧ ದಾರಿ ಗುಂಪಿನ ಜೊತೆ, ಉಳಿದರ್ಧ ವೀಲ್‌ಚೇರಿನಲ್ಲಿ ವಿಮಾನದವರ ಸುಪರ್ದಿಯಲ್ಲಿ. ಟೂರಿನವರ ಫಾರ್ಮನ್ನು ಇಲ್ಲಿ ಕೂತು ನಾನೇ ತುಂಬಿದೆ. ಬಿಪಿ ಇದೆಯೇ, ಸಕ್ಕರೆ ಕಾಯಿಲೆ ಇದೆಯೇ, ಮರೆವಿನ ತೊಂದರೆ ಅಥವಾ ದಿಕ್ಕು ತಪ್ಪುವುದು ಇದೆಯೇ. ಕೊನೆಯದಕ್ಕೆ ನನ್ನ ಬೆರಳು 'ಇಲ್ಲ' ಎಂಬುದರ ಮೇಲೆ ಬಿತ್ತು. ಬಿತ್ತು ಎಂದರೆ ಸುಳ್ಳಾಗುತ್ತದೆ. ಬಹಳ ಹೊತ್ತು ಯೋಚಿಸಿ ನಾನೇ ಒತ್ತಿದೆ. ಹೌದು ಎಂದಿದ್ದರೆ ಅವರು ಅವಳನ್ನು ಕರೆದುಕೊಂಡು ಹೋಗುತ್ತಿರಲಿಲ್ಲ. ಗಿರಿಜಾ ಮೌಶಿಗಾದರೂ ಹೇಳಬಹುದಿತ್ತು. ಹೇಳಿದರೆ ಅವರು ಹಿಂಜರಿದಾರು ಎಂದು ಸುಮ್ಮನಾದೆ.

ಆ ಅಕ್ಟೋಬರ್‌ನಲ್ಲಿ ಇಲ್ಲಿ ಇನ್ನೂ ಮಳೆ ಬಿದ್ದಿರಲಿಲ್ಲ. ಬೆರ್ರಿಯೆಸಾದ ಹಿಂದಿನ ಗುಡ್ಡಗಳು ಒಣಗಿ ಕಂದಾಗಿದ್ದವು, ಬಿಸಿಗಾಳಿ ಬೀಸುತ್ತಿತ್ತು. ಒಂದು ಶುಕ್ರವಾರ ಬೆಳಗ್ಗೆ ಆರು ಗಂಟೆಗೆ ಫೋನು ಹೊಡೆದುಕೊಂಡಿತು. ಅಲ್ಲಿ ಆಗ ಶುಕ್ರವಾರ ರಾತ್ರಿ ಒಂಬತ್ತು. ಟೂರ್ ಮ್ಯಾನೇಜರು, ಬೆಂಗಳೂರಿನವರು.

"ಮೇಡಮ್, ಟೆನ್ಶನ್ ಮಾಡ್ಕೋಬೇಡಿ. ನಿಮ್ಮ ಮದರ್ ಮಧ್ಯಾಹ್ನದಿಂದ ಸ್ವಲ್ಪ ಕಾಣಿಸ್ತಾ ಇಲ್ಲ."

ಸ್ವಲ್ಪ ಕಾಣಿಸದೆ ಇರುವುದು ಎಂದರೇನು ಎಂದು ನಾನು ಕೇಳಲಿಲ್ಲ. ಪ್ರಶಾಂತ್ ಎದ್ದು ಬಂದು ಫೋನ್ ಕಸಿದುಕೊಂಡು, ಸಂಗತಿ ಕೇಳಿ, "ಮೂರು ಗಂಟೆಗೆ ಮಿಸ್ ಆದವರನ್ನ ಈಗ ಹೇಳ್ತಿದೀರಾ?" ಎಂದು ಕೂಗಿದ. ಆಮೇಲೆ ಗಿರಿಜಾ ಮೌಶಿ ಮಾತಾಡಿದರು. ಮಾತಾಡಿದರು ಎನ್ನುವುದಕ್ಕಿಂತ ಅತ್ತರು. ಕೋಟೆಗೋಡೆ ನೋಡಿ ಇಳಿದು ಎಲ್ಲರೂ ಝಿಯಾಂಗ್ ಬೀದಿ ಎಂಬ ಹಳೇ ಪೇಟೆಗೆ ಬಂದಿದ್ದರಂತೆ. ಮೌಶಿ ಸಂಡಾಸ ಹುಡುಕಿಕೊಂಡು ಒಂದು ಓಣಿಯೊಳಗೆ ಹೋಗಿದ್ದರು.

"ಐದ ನಿಮಿಷವಾ, ವಿದ್ಯಾ. ಇಲ್ಲೇ ಕಟ್ಟಿ ಮ್ಯಾಲ ಕುಂದರು ಶಾಂತಾ, ಎಲ್ಲೂ ಹೋಗಬ್ಯಾಡ ಅಂತ ಹೇಳಿ ಹ್ವಾದೆ. ಬರೂದ್ರಾಗ ಕಟ್ಟಿ ಖಾಲಿ."

ಅವ್ವನ ಫೋನು, ಪಾಸ್‌ಪೋರ್ಟು ಎರಡೂ ಇದ್ದ ಚೀಲ ಮೌಶಿಯ ಹೆಗಲಲ್ಲೇ ಇತ್ತು.

ನನಗೆ ತೋಚಿದ್ದು ಒಬ್ಬರೇ. ರಾತ್ರಿಯುಡುಪಿನಲ್ಲೇ ಹೋಗಿ ಲಿನ್ ಆಂಟಿಯ ಬಾಗಿಲು ತಟ್ಟಿದೆ. ಆಂಟಿ ಉತ್ತರ ಚೀನಾದ ಹಾರ್ಬಿನ್‌ನವರು. ಇಲ್ಲಿ ಬಹಳ ವರ್ಷ ಕಾರ್ಖಾನೆಯಲ್ಲಿ ಸರ್ಕಿಟ್ ಬೋರ್ಡು ಜೋಡಿಸಿ ನಿವೃತ್ತರಾದವರು, ಒಬ್ಬರೇ ಇರುತ್ತಾರೆ. ಅಲ್ಲಿಯವರೆಗೆ ನಮ್ಮ ನಡುವೆ ಓಡಾಡಿದ್ದು ಅವರ ಮೂಲಂಗಿ, ನನ್ನ ಚಿತ್ರಾನ್ನ, ಅಷ್ಟೆ. ಲಿನ್‌ಹಾಯ್ ಎಂದಾಗ ಅವರು ತಲೆಯಲ್ಲಾಡಿಸಿದರು. ಆ ಊರನ್ನು ಅವರು ಕೇಳಿಯೂ ಇರಲಿಲ್ಲ. ಆದರೂ ಕನ್ನಡಕ ಹಾಕಿಕೊಂಡು ನನ್ನ ಹಿಂದೆಯೇ ಬಂದು ನಮ್ಮ ಊಟದ ಮೇಜಿನ ಮುಂದೆ ಕೂತರು.

ಮೊದಲು ಲಿನ್‌ಹಾಯ್ ಪೊಲೀಸರಿಗೆ ಫೋನ್ ಮಾಡಿದರು. ಆ ಕಡೆಯಿದ್ದ ಅಧಿಕಾರಿ ಸಮಾಧಾನದಿಂದ ಒಂದೊಂದೇ ಕೇಳುತ್ತಿದ್ದ, ಆಂಟಿ ತಮ್ಮ ತುಂಡು ಇಂಗ್ಲಿಷಿನಲ್ಲಿ ನನಗೆ ದಾಟಿಸುತ್ತಿದ್ದರು. ಎತ್ತರ ಎಷ್ಟು. ಯಾವ ಬಟ್ಟೆ. ಹಸಿರು ಇಳಕಲ್ ಸೀರೆ, ಮೇಲೆ ಬೂದು ಸ್ವೆಟರ್, ಕಾಲಿಗೆ ಬಿಳಿ ಶೂ, ತಲೆಗೆ ಟೂರಿನವರ ಕೆಂಪು ಟೋಪಿ. ಗೆಳತಿಯೊಂದಿಗೆ ಜಗಳವಾಗಿತ್ತೇ. ಇಲ್ಲ. ಆಮೇಲೆ ಆಂಟಿ ತಮ್ಮ ಹಣೆಗೆ ಬೆರಳಿಟ್ಟು ಕೇಳಿದರು: "ನೆನಪು ಸರಿ ಇದೆಯಾ? ಮರೆಯುತ್ತಾರಾ?"

ಪ್ರಶಾಂತ್ ನನ್ನ ಪಕ್ಕದಲ್ಲೇ ನಿಂತಿದ್ದ.

"ಸರಿ ಇದೆ" ಎಂದೆ. "ಅವರು ಟೀಚರ್."

ಯಾಕೆ ಹಾಗೆಂದೆ ಎಂದು ಆಮೇಲೆ ಸಾವಿರ ಸಲ ಕೇಳಿಕೊಂಡಿದ್ದೇನೆ. ಟೂರಿನ ಫಾರ್ಮು ತಕ್ಷಣ ಕಣ್ಣಮುಂದೆ ಬಂತು. ಗೊತ್ತಿದ್ದೂ ಕಳಿಸಿದೆಯಾ ಎಂದು ಪ್ರಶಾಂತ್ ಕೇಳುತ್ತಾನೆ ಎನಿಸಿತು. ಇನ್ನೊಂದು ತಾಸಿನಲ್ಲಿ ಸಿಕ್ಕೇ ಸಿಗುತ್ತಾಳೆ, ಆಗ ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದುಕೊಂಡೆ. ಆ ಉತ್ತರದಿಂದಾಗಿ ಅವರು ಹುಷಾರಾಗಿರುವ ಒಬ್ಬ ಪ್ರವಾಸಿಯನ್ನು ಹುಡುಕಿದರು. ರೈಲು ನಿಲ್ದಾಣ, ಹೋಟೆಲುಗಳು, ಕೋಟೆಗೋಡೆಯ ಕೆಳಗಿನ ಇಳಿಜಾರು. ದಾರಿ ತಪ್ಪಿದವರು ಯಾರನ್ನಾದರೂ ಕೇಳುತ್ತಾರೆ, ಕಾಲು ಜಾರಿದವರು ಕೆಳಗೆ ಬಿದ್ದಿರುತ್ತಾರೆ. ಅವರ ಲೆಕ್ಕಾಚಾರದಲ್ಲಿ ಏನೂ ತಪ್ಪಿರಲಿಲ್ಲ.

ಪ್ರಶಾಂತ್ ಚೀನಾದ ವೀಸಾಕ್ಕೆಂದು ಸ್ಯಾನ್ ಫ್ರಾನ್ಸಿಸ್ಕೋಗೆ ಓಡಿದ. ನಾನು ವಿಮಾನ ಹತ್ತುವ ಹಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನು ಫ್ರೀವೇಯಿಂದ ಫೋನ್ ಮಾಡಿ, "ಇನ್ನೊಂದು ಪೇಪರ್ ಬೇಕಂತೆ, ಮಂಡೇನೇ ಇನ್ನು" ಎಂದ. ಅವನ ದನಿಯಲ್ಲಿ ಅಳು ಇತ್ತು. ಅವನಿಗೆ ಅವ್ವ ಎಂದರೆ ಇಷ್ಟ. ಅವಳ ಭಾಷೆಯನ್ನು ಅಣಕಿಸಿ ಅವಳಿಂದಲೇ ಬೈಸಿಕೊಳ್ಳುತ್ತಿದ್ದ.

ನಮ್ಮ ಸಂಜೆ ನಾಲ್ಕಕ್ಕೆ ಅಲ್ಲಿ ಶನಿವಾರದ ಬೆಳಗ್ಗೆ ಏಳು. ಲಿನ್ ಆಂಟಿ ಮತ್ತೆ ಬಂದರು. ಊರು ಗೊತ್ತಿಲ್ಲದ ನಮ್ಮಿಬ್ಬರಿಗೆ ಸಿಕ್ಕಿದ್ದು ಪ್ರವಾಸಿಗರಿಗಾಗಿ ಮಾಡಿದ ಒಂದು ಪುಟ: ಲಿನ್‌ಹಾಯ್‌ನಲ್ಲಿ ನೋಡಬೇಕಾದ ಹತ್ತು ಜಾಗಗಳು. ಚಂದಚಂದದ ಫೋಟೋಗಳು. ಆಂಟಿ ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಹತ್ತನ್ನೂ ಬರೆದು, ನಂಬರು ಹುಡುಕಿ, ಒಂದೊಂದಕ್ಕೂ ಫೋನ್ ಹಚ್ಚಿದರು.

ಕೋಟೆಗೋಡೆಯ ಟಿಕೆಟ್ ಕೌಂಟರಿನ ಹೆಂಗಸು ಮೊದಲು ಸಿಡುಕಿದಳು. ಕೆರೆಯ ಪಕ್ಕದಿಂದ ಗೋಡೆಗೆ ಹತ್ತುವ ಮೆಟ್ಟಿಲೇ ನೂರ ತೊಂಬತ್ತೆಂಟು, ನಿನ್ನೆ ಹತ್ತಿದವರೆಲ್ಲ ಕೆಂಪು ಟೋಪಿಯವರೇ, ಯಾರೆಂದು ನೆನಪಿಡಲಿ? ಆಂಟಿ ದನಿ ತಗ್ಗಿಸಿ ಏನೋ ಹೇಳಿದರು. ನಾನು ಬಸುರಿ ಎಂಬುದನ್ನು ಹೇಳಿದರಂತೆ. ಆ ಹೆಂಗಸು ಸುಮ್ಮನಾಗಿ, ಕೌಂಟರು ತೆರೆಯುವ ಮೊದಲು ತಾನೇ ಗೋಡೆಯ ಉದ್ದಕ್ಕೂ ನಡೆದು ನೋಡುತ್ತೇನೆ ಎಂದಳು. ನೋಡಿ ಬಂದು ಫೋನೂ ಮಾಡಿದಳು. ಇಲ್ಲ. ಗೋಡೆಯ ಪಕ್ಕದ ಕೆರೆಯಲ್ಲಿ ದೋಣಿ ನಡೆಸುವವನು ನೋಡಿರಲಿಲ್ಲ. ದೇವಸ್ಥಾನದ ಸನ್ಯಾಸಿಯೊಬ್ಬರು ಹೆಸರು ಕೇಳಿಕೊಂಡು, ಶಾಂತಾ, ಶಾಂತಾ ಎಂದು ಎರಡು ಸಲ ಹೇಳಿ ನೋಡಿದರು. ಜೋಡಿ ಗೋಪುರಗಳ ಗುಡ್ಡದ ಮೇಲೆ ಬೆಳಗಿನ ವ್ಯಾಯಾಮ ಮಾಡುವ ಮುದುಕರ ಗುಂಪಿಗೆ ಕಾವಲುಗಾರ ಸುದ್ದಿ ಮುಟ್ಟಿಸಿದ. ಅವರು ಪೊದೆಗಳನ್ನು ಕೋಲಿನಿಂದ ಸರಿಸಿ ನೋಡಿದರಂತೆ. ಅಲ್ಲಿ ಆ ಬೆಳಗ್ಗೆಯಿಂದ ತಣ್ಣನೆಯ ಮಳೆ ಹಿಡಿದಿತ್ತು.

ಪ್ರತಿ ಜಾಗಕ್ಕೂ ಫೋನ್ ಮಾಡುವಾಗ ಲ್ಯಾಪ್‌ಟಾಪಿನಲ್ಲಿ ಅದರ ಫೋಟೋ ತೆರೆದಿಟ್ಟುಕೊಳ್ಳುತ್ತಿದ್ದೆ. ಯಾವುದೋ ವರ್ಷ ಯಾರೋ ತೆಗೆದ ಫೋಟೋ. ಅದರಲ್ಲಿ ನಿಂತಿದ್ದ ಅಪರಿಚಿತರ ನಡುವೆ ಹಸಿರು ಸೀರೆ ಹುಡುಕುತ್ತಿದ್ದೆ. ಅದು ಹುಚ್ಚೆಂದು ಗೊತ್ತಿತ್ತು, ಆದರೂ ಫೋಟೋ ದೊಡ್ಡದು ಮಾಡಿ ಮೂಲೆಮೂಲೆ ನೋಡುತ್ತಿದ್ದೆ. ಹೊಟ್ಟೆಯಲ್ಲಿ ಮಗು ಒದೆಯುತ್ತಿತ್ತು. ಹತ್ತು ಜಾಗವೂ ಮುಗಿದವು. ಆಂಟಿ ಹಾಳೆಯ ಮೇಲೆ ಹತ್ತನೆಯದನ್ನೂ ಹೊಡೆದುಹಾಕಿ, ಪೆನ್ನು ಕೆಳಗಿಟ್ಟು, ನನ್ನ ಮುಖ ನೋಡಲಾರದೆ ಚಹಾ ಮಾಡಲು ಎದ್ದರು.

ಮರುದಿನ ನಮಗೆ ಶನಿವಾರ. ಸಂಜೆ ನಾಲ್ಕಕ್ಕೆ ಆಂಟಿ ಮತ್ತೆ ಅದೇ ಕುರ್ಚಿಯಲ್ಲಿ ಕೂತು, "ಇವತ್ತು ಅಂಗಡಿಗಳು" ಎಂದರು. ಝಿಯಾಂಗ್ ಬೀದಿಯ ಅಂಗಡಿಗಳಿಗೆ ಒಂದೊಂದಾಗಿ ಫೋನು. ಏಳನೆಯದೋ ಎಂಟನೆಯದೋ, ಸಮುದ್ರದ ಪಾಚಿ ಹಾಕಿದ ಬಿಸ್ಕತ್ತು ಸುಡುವ ಅಂಗಡಿ. ಎತ್ತಿದವಳು ಅಂಗಡಿಯ ಯಜಮಾನಿ. ಹಿಂದಿನ ದಿನ ರಜೆಯಲ್ಲಿದ್ದಳಂತೆ, ಪೊಲೀಸರು ಬಂದಾಗ ಅವಳಿರಲಿಲ್ಲ. ಆಂಟಿ ಕೇಳುತ್ತ ಕೇಳುತ್ತ ನೆಟ್ಟಗೆ ಕೂತರು. ಅವಳು ಅವ್ವನನ್ನು ನೋಡಿದ್ದಳು. ಶುಕ್ರವಾರ ಅಂಗಡಿ ಮುಂದಿನ ಕಟ್ಟೆಯ ಮೇಲೆ ಕೂತಿದ್ದ ಹಸಿರು ಬಟ್ಟೆಯ ಮುದುಕಿಗೆ ಒಂದು ಬಿಸ್ಕತ್ತು ಕೊಟ್ಟಿದ್ದಳು. ಅಷ್ಟರಲ್ಲಿ ಶಾಲೆ ಬಿಟ್ಟು, ಯೂನಿಫಾರ್ಮಿನ ಹುಡುಗಿಯರು ಬೀದಿಯಲ್ಲಿ ಬಂದರಂತೆ. ಒಬ್ಬಳ ಬ್ಯಾಗಿನ ಬಾಯಿ ತೆರೆದಿತ್ತು. ಮುದುಕಿ ಎದ್ದು ಹೋಗಿ, ಅವಳನ್ನು ತಡೆದು ನಿಲ್ಲಿಸಿ, ಜಿಪ್ ಎಳೆದು, ಬೆನ್ನು ತಟ್ಟಿ, ಏನೋ ಗದರಿದಳಂತೆ. ಹುಡುಗಿಯರು ನಕ್ಕರಂತೆ.

"ಆಮೇಲೆ?" ಎಂದೆ.

"ಆಮೇಲೆ ಗಿರಾಕಿ ಬಂದರು, ಅವಳು ನೋಡಲಿಲ್ಲ."

ಅದನ್ನು ಯಾರೂ ನೋಡಿ ನನಗೆ ಹೇಳಬೇಕಾಗಿರಲಿಲ್ಲ. ಅವ್ವ ಎಲ್ಲಿಗೆ ಹೋದಳೆಂದು ಆ ಕ್ಷಣ ಗೊತ್ತಾಯಿತು. ಗೊತ್ತಾದದ್ದನ್ನು ಹೇಳಬೇಕಾದರೆ ಉಳಿದದ್ದನ್ನೂ ಹೇಳಬೇಕಿತ್ತು. ಪ್ರಶಾಂತ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ.

"ಅವ್ವ ಆ ಹುಡುಗಿಯರ ಹಿಂದೆ ಹೋಗಿದ್ದಾಳೆ" ಎಂದೆ. "ಅವಳಿಗೆ ಮರೆವಿದೆ. ಆಗಸ್ಟ್‌ನಲ್ಲೇ ಒಂದು ಸಲ ಶಾಲೆಗೆಂದು ಮನೆ ಬಿಟ್ಟು ಹೋಗಿದ್ದಳು. ನನಗೆ ಗೊತ್ತಿತ್ತು."

ಆಂಟಿಗೆಂದು ಇಂಗ್ಲಿಷಿನಲ್ಲಿ ಹೇಳಿದ್ದೆ. ಪ್ರಶಾಂತ್ ಕನ್ನಡದಲ್ಲಿ, "ಏನ್ ಹೇಳ್ತಿದೀಯಾ ವಿದ್ಯಾ ನೀನು?" ಎಂದ. ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟ.

ಲಿನ್ ಆಂಟಿಯ ಮುಖ ಕೆಂಪಾಯಿತು. ಅವರು ಕೂಗಲಿಲ್ಲ. ಒಂದೊಂದು ಪದವನ್ನೂ ಆರಿಸಿ ಆರಿಸಿ ಇಟ್ಟರು. "ನಿನ್ನೆ ಪೊಲೀಸ್ ಕೇಳಿದ. ನೀನು ಸುಳ್ಳು ಹೇಳಿದೆ. ನನ್ನ ಬಾಯಿಂದ ಹೇಳಿಸಿದೆ. ನನ್ನ ಭಾಷೆಯಲ್ಲಿ."

ಅವರು ಎದ್ದು ಹೋಗುತ್ತಾರೆಂದುಕೊಂಡೆ. ಹೋಗಲಿಲ್ಲ. ಪೊಲೀಸರಿಗೆ ಫೋನ್ ಮಾಡಿದರು. ಬಹಳ ಹೊತ್ತು ಮಾತಾಡಿದರು, ನಡುನಡುವೆ ತಲೆ ತಗ್ಗಿಸಿದರು. ಯಾರದೋ ತಪ್ಪಿಗೆ ಅವರು ಕ್ಷಮೆ ಕೇಳುತ್ತಿದ್ದಾರೆಂದು ಭಾಷೆ ಬಾರದ ನನಗೂ ತಿಳಿಯುತ್ತಿತ್ತು.

ಆಮೇಲೆ ಎಲ್ಲವೂ ಬೇಗಬೇಗ ನಡೆಯಿತು. ಪೊಲೀಸರು ಶಾಲೆ ಬಿಡುವ ಹೊತ್ತಿನ, ಬಸ್ ನಿಲ್ದಾಣದ ಕ್ಯಾಮೆರಾ ನೋಡಿದರು. ಶುಕ್ರವಾರವಾದ್ದರಿಂದ ಹಾಸ್ಟೆಲಿನಲ್ಲಿರುವ ಮಕ್ಕಳೆಲ್ಲ ಹಳ್ಳಿಗಳಿಗೆ ಹೊರಟಿದ್ದರು. ಆ ನೂಕುನುಗ್ಗಲಿನಲ್ಲಿ, ಮಕ್ಕಳನ್ನು ಸಾಲಾಗಿ ಹತ್ತಿಸುತ್ತಿರುವವಳ ಹಾಗೆ, ಎಲ್ಲರ ಕೊನೆಗೆ ಅವ್ವ ಬಸ್ಸು ಹತ್ತಿದ್ದಳು. ಬಸ್ಸಿನ ಕೊನೆಯ ನಿಲ್ದಾಣ ಕಿತ್ತಳೆ ತೋಟಗಳ ನಡುವಿನ ಒಂದು ಹಳ್ಳಿ. ಅಲ್ಲಿಂದ ಎರಡು ಮೈಲಿಯಾಚೆ, ಮಕ್ಕಳಿಲ್ಲದೆ ಮುಚ್ಚಿಹೋದ ಒಂದು ಶಾಲೆಯ ಜಗಲಿಯಲ್ಲಿ ಅವಳು ಸಿಕ್ಕಳು. ನಮಗಾಗ ಸಂಜೆ ಏಳು, ಅಲ್ಲಿ ಭಾನುವಾರ ಬೆಳಗ್ಗೆ ಹತ್ತು. ಜಗಲಿಯ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದಿತ್ತು. ಎರಡು ರಾತ್ರಿ ಹೊರಗೇ ಕಳೆದಿದ್ದಳು, ಎರಡನೆಯದನ್ನು ಎದ್ದು ಹೋಗಲಾಗದೆ ಮಳೆಗಾಳಿಯಲ್ಲಿ ಅಲ್ಲೇ ಬಿದ್ದುಕೊಂಡು. ಜೀವವಿತ್ತು.

ಮರೆವಿದೆ ಎಂದು ನಾನು ಮೊದಲ ದಿನವೇ ಹೇಳಿದ್ದರೆ ಅವಳಿಗೆ ಆ ಎರಡನೆಯ ರಾತ್ರಿ ತಪ್ಪುತ್ತಿತ್ತು. ಸೊಂಟ ಮುರಿದದ್ದು ಎರಡನೆಯ ದಿನ ಎಂದು ಅಲ್ಲಿನ ಡಾಕ್ಟರು ಆಮೇಲೆ ಹೇಳಿದರು.

ಆಸ್ಪತ್ರೆಯಿಂದ ಗಿರಿಜಾ ಮೌಶಿ ವಿಡಿಯೋ ಹಚ್ಚಿದರು. ಬಿಳಿ ಹೊದಿಕೆಯಲ್ಲಿ ಅವ್ವನ ಮುಖ ಮುಷ್ಟಿಯಷ್ಟಾಗಿತ್ತು. "ಅವ್ವಾ" ಎಂದೆ. ಅವಳು ಪರದೆಯನ್ನು ಬಹಳ ಹೊತ್ತು ನೋಡಿ, "ಯಾವ ಕ್ಲಾಸಿನಾಕಿ ನೀ?" ಎಂದು ಕೇಳಿದಳು. ಮೌಶಿ ಫೋನನ್ನು ತಮ್ಮ ಕಡೆ ತಿರುಗಿಸಿಕೊಂಡು, "ಜ್ವರದಾಗ ಹಂಗ ಅಂತಾಳ. ಮನಸ್ಸಿಗೆ ಹಚ್ಕೋಬ್ಯಾಡ" ಎಂದರು.

ಟೂರಿನ ಗುಂಪು ಊರಿಗೆ ಹೊರಟುಹೋಯಿತು. ಮೌಶಿ ಹೋಗಲಿಲ್ಲ. ಅವ್ವನ ಆಪರೇಶನ್ನಿಗೆ, ಆಮೇಲೆ ಕಟ್ಟಿಕೊಂಡ ಎದೆಯ ಕಫಕ್ಕೆ, ಭಾಷೆ ಬಾರದ ಆ ಊರಿನ ಆಸ್ಪತ್ರೆಯಲ್ಲಿ ಮೂರು ವಾರ ಒಬ್ಬರೇ ಕೂತರು. ಟಿಕೆಟ್ ಕೌಂಟರಿನ ಆ ಹೆಂಗಸು ದಿನಾ ಗಂಜಿ ತಂದುಕೊಡುತ್ತಿದ್ದಳಂತೆ. ಪ್ರಶಾಂತ್ ಹೋಗಬೇಕೆಂದಿದ್ದ. ನನಗೆ ಬಿಪಿ ಏರಿ ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದೆಂದ ಮೇಲೆ ಅದೂ ನಿಂತಿತು. ಹುಬ್ಬಳ್ಳಿಯಿಂದ ನಮ್ಮ ಸೋದರಮಾವ ಮೌಶಿಗೆ ಫೋನ್ ಮಾಡಿ, "ನಿನ್ನ ನಂಬಿ ಕಳಿಸಿದ್ವಿ, ಒಂದು ಮುದುಕೀನ್ನ ಹಿಡಕೊಳ್ಳಾಕ ಆಗಲಿಲ್ಲೇನು?" ಎಂದು ಬೈದ. ಟೂರಿನವರೂ, ಜೊತೆಗೆ ಹೋಗಿದ್ದವರೂ ಮೌಶಿಯದೇ ತಪ್ಪೆಂದರು. ಮೌಶಿಯೂ ಅದನ್ನೇ ಹೇಳಿಕೊಂಡು ಅಳುತ್ತಿದ್ದರು. ಇದೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ನಾನು ಮಾಡಿದ್ದು ಗೊತ್ತಿದ್ದದ್ದು ಈ ಮನೆಯಲ್ಲಿ ಪ್ರಶಾಂತನಿಗೆ, ಬೇಲಿಯಾಚೆ ಲಿನ್ ಆಂಟಿಗೆ. "ತಾಯಿಯ ಗೆಳತಿಗೆ ಹೇಳಿದೆಯಾ?" ಎಂದು ಆಂಟಿ ಒಂದು ದಿನ ಕೇಳಿದರು. "ಹೇಳಿದೆ" ಎಂದೆ. ಹೇಳಿರಲಿಲ್ಲ.

ಡಿಸೆಂಬರಿನಲ್ಲಿ ಮಗಳು ಹುಟ್ಟಿದಳು. ಅವ್ವ ಬರಲಿಲ್ಲ, ಬರುವ ಸ್ಥಿತಿಯಲ್ಲಿರಲಿಲ್ಲ. ಮೌಶಿ ಅವಳನ್ನು ಹುಬ್ಬಳ್ಳಿಯ ವಿದ್ಯಾನಗರದ ತಮ್ಮ ಮನೆಗೇ ಕರೆದುಕೊಂಡು ಹೋದರು. ಮಗ, ಸೊಸೆ ಬೇಡವೆಂದರೂ ಕೇಳಲಿಲ್ಲ. "ನಾನ ಕಳಕೊಂಡಾಕಿ, ನಾನ ನೋಡ್ಕೋತೀನಿ" ಎಂದರು. ಇಲ್ಲಿ ಹಸುಗೂಸು, ಗ್ರೀನ್ ಕಾರ್ಡಿನ ಕಾಗದ ಅರ್ಧದಲ್ಲಿ ನಿಂತಿತ್ತು, ದೇಶ ಬಿಟ್ಟರೆ ಮರಳುವುದು ಖಾತ್ರಿಯಿರಲಿಲ್ಲ. ಇವು ನೆವ ಅಲ್ಲ, ನಿಜವೇ. ಆದರೆ ಮೌಶಿಯ ಆ ಪಶ್ಚಾತ್ತಾಪ ನನಗೆ ಅನುಕೂಲವಾಗಿತ್ತು, ಅದೂ ನಿಜ. ಸತ್ಯ ಹೇಳಿದರೆ ಅವ್ವನನ್ನು ಯಾರು ನೋಡಿಕೊಳ್ಳುತ್ತಾರೆ? ಪ್ರಶಾಂತ್ ಎರಡು ಮೂರು ಸಲ, "ಹೇಳ್ಬಿಡು ವಿದ್ಯಾ, ಪಾಪ ಅವರು" ಎಂದ. ಹೇಳ್ತೀನಿ ಎನ್ನುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಕಾಗದಗಳು ಸರಿಯಾಗಿ, ಮಗಳನ್ನು ಎತ್ತಿಕೊಂಡು ಮೂರು ವಾರಕ್ಕೆ ಹುಬ್ಬಳ್ಳಿಗೆ ಹೋದೆ. ಮೌಶಿಯ ಮನೆಯಲ್ಲೇ ಉಳಿದೆ. ಅವ್ವ ಕೋಲು ಹಿಡಿದು ನಡೆಯುತ್ತಿದ್ದಳು. ಮಗಳ ತಲೆ ಸವರಿ, "ಛಲೋ ಹುಡುಗಿ, ಯಾರ ಪೈಕಿ?" ಎಂದಳು. ಮೌಶಿ ಶುಕ್ರವಾರ ಉಪವಾಸ ಹಿಡಿದಿದ್ದರು. ಯಾವ ವ್ರತ ಎಂದು ನಾನು ಕೇಳಲಿಲ್ಲ. ಅಡುಗೆಮನೆಯಲ್ಲಿ ಅವರ ಸೊಸೆಯೇ ಹೇಳಿದಳು: "ಶುಕ್ರವಾರ ಕಳಕೊಂಡಿದ್ರಲ್ರೀ, ಅದಕ್ಕ."

ಒಂದು ಮಧ್ಯಾಹ್ನ ಊಟದ ಮೇಲೆ ಕೋಣೆಗೆ ಇಣುಕಿದೆ. ಇಬ್ಬರೂ ಚಾಪೆಯ ಮೇಲೆ ಮಲಗಿ ನಿದ್ದೆ ಹೋಗಿದ್ದರು. ಮೌಶಿಯ ಸೆರಗಿನ ತುದಿ ಅವ್ವನ ಮಣಿಕಟ್ಟಿಗೆ ಗಂಟು ಹಾಕಿತ್ತು. ಅವ್ವ ಎದ್ದರೆ ಮೌಶಿಗೆ ಎಚ್ಚರವಾಗಬೇಕು. ಗಂಟು ದಿನಾ ಹಾಕಿ ಹಾಕಿ ಆ ಸೆರಗು ಅಲ್ಲಿ ಸುಕ್ಕುಗಟ್ಟಿ ಹಗ್ಗದಂತಾಗಿತ್ತು. ಅವತ್ತೇ ಹೇಳಬೇಕಿತ್ತು. ಇನ್ನೂ ಎಂಟು ದಿನ ಅದೇ ಮನೆಯಲ್ಲಿ, ಅವರ ಕೈಯ ಜೋಳದ ರೊಟ್ಟಿ ಉಂಡು, ಕಾಲಿಗೆ ಬಿದ್ದು, ವಿಮಾನ ಹತ್ತಿದೆ.

ಬೆರ್ರಿಯೆಸಾಕ್ಕೆ ಬಂದ ಮೂರನೆಯ ದಿನ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಊಟದ ಹೊತ್ತು.

"ಮೌಶಿ, ಅವ್ವ ಹೋದದ್ದು ನಿಮ್ಮ ತಪ್ಪಲ್ಲ" ಎಂದು ಶುರುಮಾಡಿ, ನಿಲ್ಲದೆ ಎಲ್ಲ ಹೇಳಿದೆ. ವಿಡಿಯೋ ಕಾಲಿನ ಮಾತು, ಆಗಸ್ಟ್ ತಿಂಗಳ ತರಕಾರಿಯವಳು, ಟೂರಿನ ಫಾರ್ಮು, ಪೊಲೀಸರಿಗೆ ಹೇಳಿದ ಸುಳ್ಳು. ಲೈನು ಕಡಿದುಹೋಯಿತೇನೋ ಎಂದು, "ಮೌಶಿ?" ಎಂದೆ.

"ಅದೀನಿ" ಎಂದರು. "ಹೋಗೂಕಿಂತ ಮೊದಲ ಗೊತ್ತಿತ್ತು ನಿನಗ?"

"ಗೊತ್ತಿತ್ತು."

"ಒಂದ ಮಾತು ನನಗ ಹೇಳಿದ್ದರ ನಾ ಅಕಿ ಕೈ ಬಿಡತಿದ್ದಿಲ್ಲ ವಿದ್ಯಾ. ಸಂಡಾಸಕ್ಕೂ ಜೋಡಿ ಕರಕೊಂಡು ಹೋಗತಿದ್ದೆ."

ಹಿಂದಿನಿಂದ ತಟ್ಟೆಯ ಸದ್ದು, ಅದರ ಜೊತೆಗೆ ಅವ್ವನ ದನಿ ಕೇಳಿತು: "ಯಾರವಾ ಅದು, ಗಿರಿಜಾ? ಯಾರ ಫೋನು?"

"ಯಾರೂ ಅಲ್ಲ ಶಾಂತಾ" ಎಂದರು ಮೌಶಿ. "ನೀ ಉಣ್ಣು."

ಫೋನ್ ಇಟ್ಟರು. ಆಮೇಲೆ ನನ್ನ ಕರೆಯನ್ನು ಅವರು ಎತ್ತಿಲ್ಲ. ಅವ್ವನ ಸುದ್ದಿ ಅವರ ಸೊಸೆಯಿಂದ ತಿಳಿಯುತ್ತದೆ. ನಿನ್ನ ತಾಯಿಯನ್ನು ಕರೆದುಕೊಂಡು ಹೋಗು ಎಂಬ ಮಾತನ್ನು ಮೌಶಿ ಇವತ್ತಿನವರೆಗೂ ಹೇಳಿ ಕಳಿಸಿಲ್ಲ.